ಕಾಲು ಕಡಿಯಲು ಲಕ್ಷ, ಕಾಲು ನೋಡಲು ಕಾಸಿಲ್ಲ!

ಕಳೆದ ತಿಂಗಳು ಸಂಘಟನೆಯ ಕೆಲಸದ ಮೇಲೆ ಕಾಮಸಮುದ್ರಕ್ಕೆ ಹೋಗಿದ್ದೆ. ಅಲ್ಲಿ ನಾನು ಮೇಷ್ಟ್ರಾಗಿದ್ದ ಕಾಲದಿಂದ ಬಲ್ಲ ಹಿರಿಯರೊಬ್ಬರ ಟೀ ಅಂಗಡಿಯುಂಟು. ಅವರು ಚಿನ್ನದ ಗಣಿಯಲ್ಲಿ ಭೂಮಿಯ ಒಳಗೆ ಬಂಡೆಗೆ ರಂಧ್ರ ಕೊರೆಯುವ ಯಂತ್ರ ಹಿಡಿದು ದುಡಿದವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ, ಕೈಗೆ ಬಂದಷ್ಟು ಹಣದಲ್ಲಿ ಈ ಅಂಗಡಿ ಹಾಕಿಕೊಂಡರು. ಈ ಸಲ ಹೋದಾಗ ಒಲೆಯ ಹಿಂದೆ ನಿಲ್ಲುತ್ತಿದ್ದವರು ಸ್ಟೂಲಿನ ಮೇಲೆ ಕೂತಿದ್ದರು. ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ.

ಏನಾಯಿತೆಂದು ಕೇಳಿದೆ. "ಮೊಳೆ, ಮೇಷ್ಟ್ರೇ" ಎಂದರು. ಚಪ್ಪಲಿಯ ಅಟ್ಟೆ ತೂತಾಗಿ ಮೊಳೆಯೊಂದು ಮೇಲೆದ್ದಿತ್ತು. ಬಂಗಾರಪೇಟೆಯ ಸಂತೆಯಿಂದ ಸಾಮಾನು ಹೊತ್ತು ತಂದ ಆ ದಿನವೆಲ್ಲ ಅದು ಅವರ ಅಂಗಾಲಿಗೆ ಚುಚ್ಚುತ್ತಲೇ ಇತ್ತು. ಅವರಿಗೆ ತಿಳಿಯಲಿಲ್ಲ. ರಾತ್ರಿ ಮನೆಯ ನೆಲದ ಮೇಲೆ ರಕ್ತದ ಹೆಜ್ಜೆ ಕಂಡು ಮಗಳು ಕೂಗಿಕೊಂಡಾಗ ತಿಳಿಯಿತು. ಹತ್ತು ದಿನಕ್ಕೆ ಎರಡು ಬೆರಳು ಹೋಯಿತು. ಮೂರು ತಿಂಗಳಿಗೆ ಕಾಲು ಹೋಯಿತು.

"ದೇವರ ದಯೆ, ಸರ್ಕಾರದ ಕಾರ್ಡಿತ್ತು. ಕಡಿದದ್ದಕ್ಕೆ ಕಾಸು ಕೊಡಲಿಲ್ಲ" ಎಂದು ಅವರು ಸಮಾಧಾನದಿಂದ ಹೇಳಿದರು. ಆ ಸಮಾಧಾನವೇ ನನ್ನನ್ನು ಈ ಲೇಖನ ಬರೆಯಲು ಕೂಡಿಸಿದೆ. ಆರು ವರ್ಷದಿಂದ ಅವರಿಗೆ ಸಕ್ಕರೆ ಕಾಯಿಲೆ. ಆರು ವರ್ಷದಿಂದ ಪಾದದಲ್ಲಿ ಜೋಮು, ರಾತ್ರಿ ಉರಿ. ಈ ಆರು ವರ್ಷದಲ್ಲಿ ಅವರು ಕಂಡ ಡಾಕ್ಟರುಗಳಲ್ಲಿ ಒಬ್ಬರಾದರೂ "ಚಪ್ಪಲಿ ಬಿಚ್ಚಿ, ಕಾಲು ತೋರಿಸಿ" ಎಂದು ಹೇಳಲಿಲ್ಲ. ಕಾಲು ಉಳಿಸಲು ನೂರು ರೂಪಾಯಿಯ ಲೆಕ್ಕದ ಖರ್ಚು ಯಾವ ಕಾರ್ಡಿನಲ್ಲೂ ಇಲ್ಲ. ಕಾಲು ಕಡಿಯಲು ಲಕ್ಷದ ಲೆಕ್ಕದ ಖರ್ಚು ಕಾರ್ಡಿನಲ್ಲಿ ಉಂಟು. ಇದು ದಯೆಯೋ, ಲೆಕ್ಕ ತಪ್ಪಿದ ರಾಜ್ಯಭಾರವೋ, ವಾಚಕರೇ ತೀರ್ಮಾನಿಸಲಿ.

ಇದು ಯಾವ ರೋಗ?

ನಾನು ಡಾಕ್ಟರನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟವನು. ಆದರೆ ತಿಳಿದವರನ್ನು ಕೇಳಿ ತಿಳಿದುಕೊಂಡದ್ದನ್ನು ತಿಳಿಯದವರಿಗೆ ಹೇಳುವುದು ಮೇಷ್ಟ್ರ ಕಸುಬು.

ಮಿದುಳು ಮತ್ತು ಬೆನ್ನುಹುರಿಯಿಂದ ಹೊರಟು ಕೈಕಾಲಿನ ತುದಿಯವರೆಗೆ ಹರಡಿರುವ ನರಗಳು ತಂತಿ ಇದ್ದಂತೆ. ಆ ತಂತಿಗಳು ಕೆಡುವುದಕ್ಕೆ ಡಾಕ್ಟರುಗಳು ಪೆರಿಫೆರಲ್ ನ್ಯೂರೋಪತಿ ಎನ್ನುತ್ತಾರೆ. ಅತಿ ಉದ್ದದ ತಂತಿ ಮೊದಲು ಕೆಡುವುದರಿಂದ ರೋಗ ಸಾಮಾನ್ಯವಾಗಿ ಕಾಲ್ಬೆರಳಿನಲ್ಲಿ ಶುರುವಾಗುತ್ತದೆ. ಮೊದಲು ಇರುವೆ ಹರಿದಂತೆ, ಸೂಜಿ ಚುಚ್ಚಿದಂತೆ. ಆಮೇಲೆ ರಾತ್ರಿ ಬೆಂಕಿ ಇಟ್ಟಂತೆ ಉರಿ. ಕೊನೆಗೆ ಏನೂ ಇಲ್ಲ. ಆ "ಏನೂ ಇಲ್ಲ" ಎಂಬುದೇ ಅಪಾಯ. ಉರಿ ನಿಂತಿತೆಂದು ರೋಗಿ ಸಂತೋಷಪಡುತ್ತಾನೆ. ನಿಂತದ್ದು ರೋಗವಲ್ಲ, ಕಾವಲುಗಾರನ ಕೂಗು.

ಕಾರಣಗಳಲ್ಲಿ ಮೊದಲನೆಯದು ಸಕ್ಕರೆ ಕಾಯಿಲೆ. ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಈ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ 2023ರಲ್ಲಿ ಹೇಳಿತು. ಸಕ್ಕರೆ ಕಾಯಿಲೆಯವರಲ್ಲಿ ಅರ್ಧದಷ್ಟು ಮಂದಿಗೆ ಕಾಲಕ್ರಮದಲ್ಲಿ ನರ ಕೆಡಬಹುದು. ಆದರೆ ಸಕ್ಕರೆಯೊಂದೇ ಕಾರಣವಲ್ಲ. ಸಾರಾಯಿಯಿಂದ ನರ ಕೆಡುತ್ತದೆ. ಬಿ-12 ಜೀವಸತ್ವದ ಕೊರತೆಯಿಂದ ಕೆಡುತ್ತದೆ. ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಿಗೆ ಈ ಕೊರತೆ ಬರುವುದುಂಟು. ಹಾಗೆಂದು ಮಾತ್ರೆ ಬಿಡಬಾರದು, ರಕ್ತ ನೋಡಿಸಬೇಕು. ಕುಷ್ಠದಿಂದ ಕೆಡುತ್ತದೆ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಔಷಧದಿಂದಲೂ ಕೆಡಬಹುದು. ಅದಕ್ಕೇ ಜೊತೆಯಲ್ಲಿ ಬಿ-6 ಮಾತ್ರೆ ಕೊಡಬೇಕು. ಕಲ್ಲುಧೂಳು ಕುಡಿದು ಸಿಲಿಕೋಸಿಸ್ ಹತ್ತಿದ ಶ್ವಾಸಕೋಶಕ್ಕೆ ಕ್ಷಯ ಸುಲಭವಾಗಿ ಅಂಟುತ್ತದೆ. ಚಿನ್ನದ ಗಣಿಯ ಲೈನುಗಳಲ್ಲಿ ವಾಸಿಸುವವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಇನ್ನೊಂದು ಕಾರಣವನ್ನು ಯಾರೂ ಕೇಳುವುದೇ ಇಲ್ಲ. ಅದು ಕೆಲಸ. ನಡುಗುವ ಡ್ರಿಲ್ಲನ್ನು ವರ್ಷಗಟ್ಟಲೆ ಹಿಡಿದವನ ಬೆರಳುಗಳ ರಕ್ತನಾಳವೂ ನರವೂ ಕೆಡುತ್ತವೆ. ಇದು ನಮ್ಮ ಪಕ್ಷದ ಆವಿಷ್ಕಾರವಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೇ ಇದನ್ನು ಕೆಲಸದಿಂದ ಬರುವ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಗಣಿಯಿಂದ ಚಿನ್ನ ಎಷ್ಟು ತೊಲ ಹೋಯಿತೆಂದು ಲೆಕ್ಕವಿಟ್ಟವರು, ಎಷ್ಟು ಜನರ ಬೆರಳಿನ ಸ್ಪರ್ಶ ಹೋಯಿತೆಂದು ಲೆಕ್ಕವಿಟ್ಟರೆ?

ಬೇಕಾದುದು ಎಷ್ಟು ಅಲ್ಪ!

ರೈಲಿನಲ್ಲಿ ಕಾಮಸಮುದ್ರ ದಾಟಿ ಮದರಾಸಿನ ದಿಕ್ಕಿಗೆ ಹೋಗಿ ಕಾಟ್ಪಾಡಿಯಲ್ಲಿಳಿದರೆ ವೆಲ್ಲೂರು. ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್ ಪಾಲ್ ಬ್ರಾಂಡ್ ಎಂಬವರು 1940ರ ದಶಕದ ಕೊನೆಯಿಂದ ಕುಷ್ಠರೋಗಿಗಳ ಕೈಕಾಲುಗಳನ್ನು ಪರೀಕ್ಷಿಸಿ ಒಂದು ದೊಡ್ಡ ಸತ್ಯ ಕಂಡರು. ಕುಷ್ಠದಲ್ಲಿ ಬೆರಳು ತಾನಾಗಿ ಕೊಳೆತು ಉದುರುವುದಿಲ್ಲ. ನೋವು ತಿಳಿಯದ ಕಾರಣ ಪೆಟ್ಟಿನ ಮೇಲೆ ಪೆಟ್ಟು ಬಿದ್ದು ಹಾಳಾಗುತ್ತದೆ. ಹಾಗಾದರೆ ಪೆಟ್ಟು ತಪ್ಪಿಸಿದರೆ ಕಾಲು ಉಳಿಯಬೇಕಷ್ಟೆ? ಉಳಿಯಿತು. ಮೆತ್ತನೆಯ ರಬ್ಬರಿನ ಅಟ್ಟೆಯ ಚಪ್ಪಲಿಯಿಂದ ಎಷ್ಟೋ ಕಾಲುಗಳು ಉಳಿದವು. ಆ ವಿದ್ಯೆಯೇ ಇಂದು ಜಗತ್ತಿನಾದ್ಯಂತ ಸಕ್ಕರೆ ಕಾಯಿಲೆಯವರ ಪಾದ ಉಳಿಸುತ್ತಿದೆ. ನಮ್ಮ ನೆರೆಯಲ್ಲಿ ಹುಟ್ಟಿದ ವಿದ್ಯೆ ನಮ್ಮ ಊರಿಗೆ ಮಾತ್ರ ಇನ್ನೂ ಬಂದಿಲ್ಲ!

ಈ ರೋಗಕ್ಕೆ ಬೇಕಾದುದರ ಪಟ್ಟಿ ನೋಡಿ. ಹತ್ತು ಗ್ರಾಂ ಒತ್ತುವ ಒಂದು ನೈಲಾನ್ ಎಳೆ, ಪಾದದ ಸ್ಪರ್ಶ ನೋಡಲು. ಒಂದು ಶ್ರುತಿಕವೆ, ಕಂಪನ ತಿಳಿಯುವುದೋ ನೋಡಲು. ರಕ್ತದ ಸಕ್ಕರೆ ನೋಡುವ ಸಣ್ಣ ಯಂತ್ರ. ಜನೌಷಧಿ ಅಂಗಡಿಯಲ್ಲಿ ಒಂದೆರಡು ರೂಪಾಯಿಗೆ ಸಿಗುವ ಸಕ್ಕರೆ ಮಾತ್ರೆ. ಉರಿ ಇದ್ದವರಿಗೆ ಡಾಕ್ಟರು ಅಳೆದು ಕೊಡುವ ಅಮಿಟ್ರಿಪ್ಟಿಲಿನ್, ಗಾಬಾಪೆಂಟಿನ್‌ನಂಥ ಔಷಧ. ಮೆತ್ತನೆಯ ಚಪ್ಪಲಿ. ಎಲ್ಲಕ್ಕಿಂತ ಹೆಚ್ಚಾಗಿ, ಪ್ರತಿ ಸಲವೂ ನಿಮ್ಮನ್ನು ಗುರುತು ಹಿಡಿಯುವ, ಹೋದ ತಿಂಗಳು ಕಾಲು ಹೇಗಿತ್ತೆಂದು ನೆನಪಿರುವ ಒಬ್ಬ ಡಾಕ್ಟರು ಅಥವಾ ನರ್ಸಮ್ಮ. ಸಕ್ಕರೆ ಕಾಯಿಲೆಯಲ್ಲಿ ಕಾಲು ಕಳೆದುಕೊಳ್ಳುವ ನೂರು ಜನರಲ್ಲಿ 80ಕ್ಕೂ ಹೆಚ್ಚು ಮಂದಿಗೆ ಅದು ಒಂದು ಸಣ್ಣ ಹುಣ್ಣಿನಿಂದಲೇ ಶುರುವಾಗಿರುತ್ತದೆ. ಆ ಸಣ್ಣ ಹುಣ್ಣನ್ನು ಸಣ್ಣದಾಗಿದ್ದಾಗಲೇ ನೋಡುವ ಕಣ್ಣು ಬೇಕು. ಅಷ್ಟೇ.

ಅದು ಸಿಗುವುದಿಲ್ಲವೆಂದೇ ಬಸ್ ನಿಲ್ದಾಣದ ಗೋಡೆಯ ಮೇಲೆ "ನರದೌರ್ಬಲ್ಯಕ್ಕೆ ಸಂಪರ್ಕಿಸಿ" ಎಂಬ ಚೀಟಿಗಳು ರಾರಾಜಿಸುತ್ತವೆ. ಅದಕ್ಕೇ ವಾರಕ್ಕೊಂದು "ಶಕ್ತಿ ಇಂಜೆಕ್ಷನ್ನು", ತಿಂಗಳಿಗೊಂದು ಗ್ಲೂಕೋಸ್ ಬಾಟಲಿ. ಬಿ-12 ಕಡಿಮೆ ಇದ್ದವನಿಗೆ ಬಿ-12 ಚುಚ್ಚುಮದ್ದು ಅಮೃತ. ಇಲ್ಲದವನಿಗೆ ಅದು ಬರಿಯ ಕೆಂಪು ನೀರು. ರಕ್ತ ನೋಡದೆ ಚುಚ್ಚುವವನು ವೈದ್ಯನಲ್ಲ, ವ್ಯಾಪಾರಿ. ನಮ್ಮ ವ್ಯಾಪಾರಿ ಮಿತ್ರರು ಈ ಹೋಲಿಕೆಯನ್ನು ಕ್ಷಮಿಸಲಿ. ಅವರು ತೂಕಮಾಡಿಯಾದರೂ ಕೊಡುತ್ತಾರೆ.

ಕಾರ್ಡುಗಳ ಕಥೆ

"ಇಷ್ಟೊಂದು ಯೋಜನೆಗಳಿಲ್ಲವೆ?" ಎಂದು ಕೇಳುವವರುಂಟು. ಒಂದೊಂದಾಗಿ ನೋಡೋಣ.

ಯಶಸ್ವಿನಿ ಯೋಜನೆ 2003ರಲ್ಲಿ ಸಹಕಾರಿ ಸದಸ್ಯರಿಗಾಗಿ ಶುರುವಾಯಿತು. ವರ್ಷಕ್ಕೆ 60 ರೂಪಾಯಿ ಕೊಟ್ಟ ರೈತನಿಗೆ ದೊಡ್ಡ ಶಸ್ತ್ರಚಿಕಿತ್ಸೆ. ಸದಸ್ಯತ್ವದಿಂದ ಬಡವನೂ ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತಬಹುದೆಂದು ಅದು ತೋರಿಸಿತು. ಅದಕ್ಕೆ ಗೌರವ ಸಲ್ಲಬೇಕು. 2018ರಲ್ಲಿ ಅದನ್ನು ನಿಲ್ಲಿಸಿ ಬೇರೆ ಯೋಜನೆಯಲ್ಲಿ ಲೀನಮಾಡಿದರು, 2022ರಲ್ಲಿ ಮತ್ತೆ ಎಬ್ಬಿಸಿದರು. ಆದರೆ ಅಂದೂ ಇಂದೂ ಅದರ ಕಣ್ಣು ಆಪರೇಷನ್ ಕೋಣೆಯ ಮೇಲೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಕುಟುಂಬಕ್ಕೆ 5 ಲಕ್ಷದವರೆಗೆ ಉಂಟು. ಅದೂ ಆಸ್ಪತ್ರೆಯಲ್ಲಿ ಮಲಗಿದವನಿಗೆ. ಮಲಗದಂತೆ ನೋಡಿಕೊಳ್ಳಲು ಅಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕೆ ಐದು ಲಕ್ಷ!

ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ನಮ್ಮ ಕೋಲಾರ ಜಿಲ್ಲೆಯಲ್ಲೇ ಆರಂಭವಾಯಿತು. ಮನೆಬಾಗಿಲಿಗೆ ಬಂದು 30 ವರ್ಷ ಮೀರಿದವರ ರಕ್ತದೊತ್ತಡ, ಸಕ್ಕರೆ ನೋಡುವುದು ಒಳ್ಳೆಯ ಕೆಲಸ. ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ. ಆದರೆ ಪ್ರೋತ್ಸಾಹಧನದ ಮೇಲೆ ದುಡಿಯುವ ಆಶಾ ತಾಯಿಯ ಹೆಗಲಿಗೆ ಇನ್ನೊಂದು ಚೀಲ ಹಾಕಿದಾಕ್ಷಣ ಚಿಕಿತ್ಸೆಯಾಗುವುದಿಲ್ಲ. ಪಟ್ಟಿಯಲ್ಲಿ ಹೆಸರು ಬರೆದುಕೊಂಡು ಹೋಗುವುದು ಬೇರೆ, ತಿಂಗಳು ತಿಂಗಳು ಅದೇ ಕಾಲನ್ನು ಮತ್ತೆ ನೋಡುವುದು ಬೇರೆ.

ಇ.ಎಸ್.ಐ.ಯಂತೂ ಕಾಯಿದೆಯಿಂದ ಬಂದ ಸದಸ್ಯತ್ವ. 1948ರ ಕಾಯಿದೆ, ಹೋರಾಡಿ ಪಡೆದದ್ದು. 2019ರ ಜುಲೈಯಿಂದ ಕಾರ್ಮಿಕನ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನಿಂದ ಮೂರೂಕಾಲು ರೂಪಾಯಿ ಕಟ್ಟಬೇಕೆಂದು ಗೊತ್ತುಮಾಡಿದ್ದಾರೆ. ಬೆಳಗಿನ ಜಾವ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ರೈಲು ಹತ್ತಿ ಬೆಂಗಳೂರಿನ ಗಿರಣಿಗೆ, ಗಾರ್ಮೆಂಟಿಗೆ ಹೋಗುವ ಸೋದರ ಸೋದರಿಯರು ಇದನ್ನು ತಮ್ಮ ಕೂಲಿಯಿಂದ ತೆತ್ತಿದ್ದಾರೆ. ಆದರೆ ರಾತ್ರಿ ಎಂಟಕ್ಕೆ ಇಳಿಯುವವಳಿಗೆ ಡಿಸ್ಪೆನ್ಸರಿ ಯಾವಾಗ ತೆರೆದಿರುತ್ತದೆ? ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ಹೊಲಿಗೆ ಯಂತ್ರದ ಪೆಡಲಿನ ಮೇಲಿರುವ ಪಾದದಲ್ಲಿ ಸ್ಪರ್ಶ ಹೋದರೆ ಅವಳು ಹೇಳುವುದೂ ಇಲ್ಲ. ಹೇಳಿದರೆ ಕೆಲಸ ಹೋದೀತೆಂಬ ಭಯ. ಸಣ್ಣ ಅಂಗಡಿಯವನ ಪಾಡೋ? ಅವನಿಗೆ ಮಾಲೀಕನೂ ಇಲ್ಲ, ಇ.ಎಸ್.ಐ.ಯೂ ಇಲ್ಲ. ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರುವ ಕಾಲು. ಒಂದು ವಾರ ಅಂಗಡಿ ಮುಚ್ಚಿದರೆ ಬಡ್ಡಿಯವನು ಬಾಗಿಲಿಗೆ ಬರುತ್ತಾನೆ.

ಕಂಪೆನಿಯ ಆಸ್ಪತ್ರೆಯೊಂದಿತ್ತು, ಚಾಂಪಿಯನ್ ರೀಫಿನಲ್ಲಿ. ಗಣಿಯೊಂದಿಗೆ ಅದೂ ಮುಚ್ಚಿತು. 2021ರ ಕೋವಿಡ್ ಕಾಲದಲ್ಲಿ ಸ್ವಯಂಸೇವಕರು ಅದರ ಕಸ ಗುಡಿಸಿ ಹಾಸಿಗೆ ಹಾಕಿದರು. ಆಪತ್ತು ಬಂದಾಗ ಬಾಗಿಲು ತೆರೆಯಬಹುದೆಂದು ಅದರಿಂದ ಸಿದ್ಧವಾಯಿತು. ಬಡವನ ಕಾಲು ಕೊಳೆಯುವುದು ಆಪತ್ತಲ್ಲವೆ?

ಮಾರಾಟದ ಸದಸ್ಯತ್ವ

ಈ ಬರಡು ನೆಲದಲ್ಲಿ ಈಗ ಹೊಸ ಬೆಳೆ ಬಂದಿದೆ: "ಮೆಂಬರ್‌ಷಿಪ್ ಕಾರ್ಡು". ನನ್ನ ತಾಯಿಗೆ ಕಾಲುರಿ ಶುರುವಾದಾಗ ನಾನೂ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ವರ್ಷದ ಚಂದಾ ಕಟ್ಟಿದೆ. ಸದಸ್ಯರಿಗೆ ಪರೀಕ್ಷೆಗಳಲ್ಲಿ ರಿಯಾಯಿತಿ ಎಂದರು. ಆ ವರ್ಷ ತಾಯಿಯ ರಕ್ತವನ್ನು ಮೂರು ಸಲ "ಪ್ಯಾಕೇಜಿ"ಗೆ ತೆಗೆದರು. ಮೂರು ಸಲವೂ ಬೇರೆ ಬೇರೆ ಡಾಕ್ಟರು. ತಾಯಿಯ ಚಪ್ಪಲಿ ಮಾತ್ರ ಬಾಗಿಲಲ್ಲೇ ಉಳಿಯಿತು, ಪಾದವನ್ನು ಯಾರೂ ನೋಡಲಿಲ್ಲ. ಇದು ಸದಸ್ಯತ್ವವಲ್ಲ, ಗಿರಾಕಿಯನ್ನು ಕಟ್ಟಿಹಾಕುವ ಹಗ್ಗ.

ಅಮೆರಿಕದಲ್ಲಿ ಇದರ ಇನ್ನೊಂದು ರೂಪವಿದೆ. ಅಲ್ಲಿ ಕೆಲವು ಡಾಕ್ಟರುಗಳು ವಿಮಾ ಕಂಪೆನಿಗಳ ಕಾಟ ತಾಳಲಾರದೆ ಅವನ್ನು ಬಿಟ್ಟು, ರೋಗಿಯಿಂದ ನೇರವಾಗಿ ತಿಂಗಳಿಗೆ ಸುಮಾರು 50ರಿಂದ 100 ಡಾಲರ್ ತೆಗೆದುಕೊಂಡು, ಕೆಲವೇ ನೂರು ಜನರನ್ನು ನೋಡಿಕೊಳ್ಳುತ್ತಾರೆ. ನ್ಯಾಯವಾಗಿ ಹೇಳಬೇಕೆಂದರೆ ಅದರಲ್ಲಿ ಒಂದು ಗುಣವಿದೆ: ಡಾಕ್ಟರಿಗೆ ಪುರುಸೊತ್ತಿರುತ್ತದೆ, ರೋಗಿಯ ಪರಿಚಯವಿರುತ್ತದೆ. ನರಗಳ ರೋಗಕ್ಕೆ ಬೇಕಾದುದೂ ಅದೇ. ಆದರೆ ಚಂದಾ ಕಟ್ಟಲಾರದವನ ಗತಿಯೇನು? ಆ ಡಾಕ್ಟರು ಬಿಟ್ಟುಬಂದ ಸಾವಿರಾರು ರೋಗಿಗಳನ್ನು ಯಾರು ನೋಡಬೇಕು? ಬೇಲಿಯೊಳಗಿನವನಿಗೆ ಹಿತ, ಹೊರಗಿನವನಿಗೆ ಬೇಲಿ. ಇದು ನಮಗೆ ಬೇಡ.

ಗಣಿಗಾರರು ಕಟ್ಟಿದ ಸದಸ್ಯತ್ವ

ಹಾಗಾದರೆ ಸದಸ್ಯತ್ವವೆಂಬುದೇ ಸಾಹುಕಾರರ ಹೂಟವೆಂದು ನಮ್ಮಲ್ಲೇ ಕೆಲವು ಸಂಗಾತಿಗಳು ಹೇಳುತ್ತಾರೆ. ಅವರೊಂದಿಗೂ ನನ್ನ ಜಗಳವಿದೆ. ಅವರು ಚರಿತ್ರೆ ಓದಲಿ.

ವೇಲ್ಸ್ ದೇಶದ ಟ್ರೆಡೆಗರ್ ಎಂಬುದು ನಮ್ಮ ಚಿನ್ನದ ಗಣಿಯಂಥದೇ ಒಂದು ಕಲ್ಲಿದ್ದಲ ಊರು. 1890ರಲ್ಲಿ ಅಲ್ಲಿನ ಕೆಲಸಗಾರರು ತಮ್ಮದೇ ವೈದ್ಯಸಹಾಯ ಸಂಘ ಕಟ್ಟಿದರು. ಸಂಬಳದ ಪ್ರತಿ ಪೌಂಡಿಗೆ ಮೂರು ಪೆನ್ನಿ ಚಂದಾ. ಡಾಕ್ಟರನ್ನು ನೇಮಿಸುವುದು ಸಂಘ, ಕಂಪೆನಿಯಲ್ಲ. 1940ರ ದಶಕದ ಹೊತ್ತಿಗೆ ಊರಿನ 24,000 ಜನರಲ್ಲಿ ಸುಮಾರು 22,800 ಮಂದಿ ಅದರ ಆಶ್ರಯದಲ್ಲಿದ್ದರು. ಅದೇ ಊರಿನಲ್ಲಿ ಹುಟ್ಟಿ, ಹುಡುಗನಾಗಿ ಗಣಿಗಿಳಿದ ಅನ್ಯೂರಿನ್ ಬೆವನ್ ಮುಂದೆ ಬ್ರಿಟನ್ನಿನ ಆರೋಗ್ಯ ಮಂತ್ರಿಯಾದ. 1948ರ ಜುಲೈ 5ರಂದು ಇಡೀ ದೇಶಕ್ಕೆ ಉಚಿತ ವೈದ್ಯಸೇವೆ ತಂದ. ಊರಿನ ಗಣಿಗಾರರ ಚಂದಾ ಪುಸ್ತಕ ದೇಶದ ಕಾಯಿದೆಯಾಯಿತು. ನಮ್ಮಲ್ಲಿ ಭೋರ್ ಸಮಿತಿ 1946ರಲ್ಲೇ ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ಹೇಳಿತ್ತು. ಅಲ್ಲಿ ಮಾತು ಕಾಯಿದೆಯಾಯಿತು. ಇಲ್ಲಿ ಕಾಗದವಾಗಿ ಉಳಿಯಿತು. ಏಕೆ? ಅಲ್ಲಿ ಕಾಗದದ ಹಿಂದೆ ಕಟ್ಟಿದ ಸಂಘಗಳಿದ್ದವು.

ದೂರದ ದೇಶವೇ ಏಕೆ? ಛತ್ತೀಸಗಢದ ದಲ್ಲಿ ರಾಜಹರಾದಲ್ಲಿ ಕಬ್ಬಿಣದ ಅದಿರು ಅಗೆಯುವ ಕೂಲಿಕಾರರ ಸಂಘದ ಉಪಾಧ್ಯಕ್ಷೆ ಕುಸುಮ್ ಬಾಯಿ ಚಿಕಿತ್ಸೆ ಸಿಗದೆ ಹೆರಿಗೆಯಲ್ಲಿ ಸತ್ತಳು. ಕೂಲಿಕಾರರು ಅರ್ಜಿ ಬರೆದು ಕೂರಲಿಲ್ಲ. ಶಂಕರ್ ಗುಹಾ ನಿಯೋಗಿಯವರ ಮುಂದಾಳತನದಲ್ಲಿ, ಸ್ವಂತ ಚಂದಾ, ಸ್ವಂತ ಬೆವರಿನಿಂದ ಶಹೀದ್ ಆಸ್ಪತ್ರೆಯನ್ನು ಕಟ್ಟಿ 1983ರ ಜೂನ್ 3ರಂದು ತೆರೆದರು. ಅವರೂ ಗಣಿಯವರು, ನಾವೂ ಗಣಿಯವರು.

ಇನ್ನು ನಮ್ಮ ಮನೆಯಂಗಳಕ್ಕೇ ಬನ್ನಿ. ಹಳ್ಳಿಹಳ್ಳಿಯಲ್ಲಿ ಹಾಲಿನ ಸೊಸೈಟಿಯಿದೆ. ಬೆಳಗ್ಗೆ ಸಂಜೆ ಹಾಲಿನ ಜಿಡ್ಡು ನೋಡುತ್ತಾರೆ. ಹಸುವಿನ ಗೊರಸು ಕೆಟ್ಟರೆ ಪಶುವೈದ್ಯರನ್ನು ಕರೆಸುತ್ತಾರೆ. ಹಸು ಕಟ್ಟಿದವನ ಪಾದ ನೋಡುವವರಿಲ್ಲ! ಹಸುವಿಗೆ ಸಂಘವಿದೆ, ಮನುಷ್ಯನಿಗಿಲ್ಲ.

ಲೆಕ್ಕ

ಮೇಷ್ಟ್ರಾದ್ದರಿಂದ ಒಂದು ಲೆಕ್ಕ ಹಾಕುತ್ತೇನೆ. ಒಂದು ಹೋಬಳಿಯಲ್ಲಿ 500 ಕುಟುಂಬಗಳು ತಿಂಗಳಿಗೆ 50 ರೂಪಾಯಿಯಂತೆ ಹಾಕಿದರೆ ತಿಂಗಳಿಗೆ 25,000. ವರ್ಷಕ್ಕೆ 3 ಲಕ್ಷ. ತಿಂಗಳಿಗೆ 18,000 ರೂಪಾಯಿಗೆ ಕಲಿತ ನರ್ಸಮ್ಮ ಒಬ್ಬಳನ್ನು ಇಟ್ಟರೂ 7,000 ಉಳಿಯುತ್ತದೆ. ಪರೀಕ್ಷೆಯ ಸಾಮಗ್ರಿಗೆ, ಚಪ್ಪಲಿಗೆ. ಔಷಧಿಯನ್ನು ನಾವು ಕೊಳ್ಳಬೇಕಾಗಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಕ್ಕಾಗಿ ಪಡೆಯಬೇಕು. ಸಂಘದ ಕೆಲಸ ಎರಡು: ಕಾಲು ನೋಡುವುದು, ಸರ್ಕಾರವನ್ನು ನೋಡಿಕೊಳ್ಳುವುದು.

"ಹೀಗೆ ನಾವೇ ಮಾಡಿಕೊಂಡರೆ ಸರ್ಕಾರ ಜಾರಿಕೊಳ್ಳುವುದಿಲ್ಲವೆ?" ಎಂದು ಸಂಗಾತಿಗಳು ಕೇಳುತ್ತಾರೆ. ಜಾರಿಕೊಂಡೀತು, ನಾವು ಬರಿಯ ಚಂದಾ ಎತ್ತಿ ಸುಮ್ಮನಾದರೆ. ಆದರೆ ಯಾರ ಕಾಲಿನಲ್ಲಿ ಸ್ಪರ್ಶವಿಲ್ಲ, ಯಾವ ತಿಂಗಳು ಮಾತ್ರೆ ಬರಲಿಲ್ಲ, ಎಷ್ಟು ಕಾಲು ಹೋಯಿತು, ಎಂಬ ಪುಸ್ತಕ ಕೈಯಲ್ಲಿ ಹಿಡಿದು ತಾಲ್ಲೂಕು ಕಚೇರಿಗೆ ಹೋದ 500 ಕುಟುಂಬಗಳ ಮುಂದೆ ಯಾವ ಅಧಿಕಾರಿಯೂ ಜಾರಿಕೊಳ್ಳಲಾರ. ಬರಿಗೈಯಲ್ಲಿ ಹೋದವನಿಗೆ "ನೋಡೋಣ" ಎನ್ನುವುದು ಸುಲಭ.

"ಅವನ ಕಾಲಿಗೆ ನಾನೇಕೆ ಐವತ್ತು ಕೊಡಲಿ?" ಎಂದು ಕೇಳುವ ಅಂಗಡಿಯ ಮಿತ್ರರಿಗೆ ಒಂದೇ ಮಾತು: ಅವನು ನಿಮ್ಮ ಅಂಗಡಿಗೆ ನಡೆದು ಬರುವುದು ಆ ಕಾಲಿನಿಂದಲೇ.

ನಮ್ಮ ಬೇಡಿಕೆಗಳು

1. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಕ್ಕರೆ ಕಾಯಿಲೆಯ ಪ್ರತಿಯೊಬ್ಬರ ಪಾದವನ್ನು ವರ್ಷಕ್ಕೊಮ್ಮೆಯಾದರೂ, ಸ್ಪರ್ಶ ಕಳೆದವರದನ್ನು ಅದಕ್ಕಿಂತ ಬೇಗ ಬೇಗ, ಪರೀಕ್ಷಿಸಿ ಬರೆದಿಡಬೇಕು.

2. ಕಾಲು ಕಡಿಯಲು ಹಣ ಕೊಡುವ ಕಾರ್ಡು, ಮೆತ್ತನೆಯ ಚಪ್ಪಲಿಗೂ ಹುಣ್ಣಿನ ಶುಶ್ರೂಷೆಗೂ ಹಣ ಕೊಡಬೇಕು.

3. ಇ.ಎಸ್.ಐ. ಡಿಸ್ಪೆನ್ಸರಿಗಳು ಪಾಳಿಯ ಕೆಲಸಗಾರರಿಗಾಗಿ ರಾತ್ರಿಯೂ ಭಾನುವಾರವೂ ತೆರೆದಿರಬೇಕು. ಸಣ್ಣ ವ್ಯಾಪಾರಿಗಳೂ ಚಂದಾ ಕಟ್ಟಿ ಸೇರಲು ದಾರಿ ಮಾಡಬೇಕು.

4. ಚಿನ್ನದ ಗಣಿಯ ಹಳೆಯ ಕಾರ್ಮಿಕರ ಶ್ವಾಸಕೋಶದ ಜೊತೆಗೆ ಕೈಕಾಲಿನ ನರಗಳನ್ನೂ ಪರೀಕ್ಷಿಸಬೇಕು.

5. ಸಹಕಾರಿ ಆರೋಗ್ಯ ಸಂಘಗಳಿಗೆ ಸರ್ಕಾರ, ಸದಸ್ಯರು ಹಾಕಿದಷ್ಟೇ ಹಣ ಹಾಕಬೇಕು. ಚಂದಾ ಕಟ್ಟಲಾರದವನನ್ನು ಯಾವ ಸಂಘವೂ ಹೊರಗಿಡಬಾರದು.

ಇಂದು ರಾತ್ರಿಯ ಕೆಲಸ

ಬೇಡಿಕೆ ಈಡೇರುವವರೆಗೆ ಕಾಲು ಕಾಯುವುದಿಲ್ಲ. ಆದ್ದರಿಂದ ಇಂದು ರಾತ್ರಿಯೇ ಇದನ್ನು ಮಾಡಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಕಣ್ಣು ಮುಚ್ಚಿ ಮಲಗಲು ಹೇಳಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಮೆಲ್ಲಗೆ ಮುಟ್ಟಿ, ಒತ್ತಬೇಡಿ, ಉಜ್ಜಬೇಡಿ. ಮುಟ್ಟಿದ್ದು ಎಡವೋ ಬಲವೋ ಅವರು ಹೇಳಲಿ. ಆರರಲ್ಲಿ ಎರಡು ತಿಳಿಯದಿದ್ದರೂ ಡಾಕ್ಟರಿಗೆ ತೋರಿಸಿ. ಈ ಪರೀಕ್ಷೆಗೆ ಕಾಸೂ ಬೇಡ, ಕಾರ್ಡೂ ಬೇಡ.

ಸ್ಪರ್ಶವಿಲ್ಲದ ಕಾಲಿಗೆ ಬಿಸಿನೀರಿನ ಶಾಖ ಬೇಡ, ಚಳಿಗಾಲದಲ್ಲಿ ಕೆಂಡದ ಮುಂದೆ ಚಾಚುವುದು ಬೇಡ. ಬರಿಗಾಲ ನಡಿಗೆ ಬೇಡ. ಚಪ್ಪಲಿ ಮೆಟ್ಟುವ ಮೊದಲು ಒಳಗೆ ಕೈಯಾಡಿಸಿ. ಪ್ರತಿ ರಾತ್ರಿ ಅಂಗಾಲು ನೋಡಿ, ಇಲ್ಲವೆ ಮಗುವಿನಿಂದ ನೋಡಿಸಿ. ಹುಣ್ಣು, ಕಪ್ಪು, ಕೆಂಪು ಊತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕೆಲವೇ ದಿನಗಳಲ್ಲಿ ಕಾಲಿನಿಂದ ಮೇಲಕ್ಕೆ ಬಲ ಕುಂದುತ್ತ ಬಂದರೆ ಒಂದು ಗಂಟೆಯೂ ತಡಮಾಡಬೇಡಿ.

ಟೀ ಅಂಗಡಿಯ ಹಿರಿಯರು ನಾನು ಹೊರಡುವಾಗ ಕೇಳಿದರು: "ಇನ್ನೊಂದು ಕಾಲಿದೆಯಲ್ಲ ಮೇಷ್ಟ್ರೇ, ಅದನ್ನು ಯಾರಿಗೆ ತೋರಿಸಲಿ?" ನನ್ನಲ್ಲಿ ಉತ್ತರವಿರಲಿಲ್ಲ. ನೆಲದ ಮೇಲೆ ಕೂತು ಅವರ ಬಲಗಾಲಿನ ಬೆರಳುಗಳನ್ನು ಮುಟ್ಟಿ ನೋಡಿದೆ. ಮೂರರಲ್ಲಿ ಒಂದು ಮಾತ್ರ ತಿಳಿಯಿತು. ಆ ಕಾಲು ಉಳಿಯಬೇಕಾದರೆ ಸಂಘ ಈ ವರ್ಷವೇ ಆಗಬೇಕು. ಬರುವ ವಾರ ಕಾಮಸಮುದ್ರದ ಟೀ ಅಂಗಡಿಯಲ್ಲೇ ಮೊದಲ ಹೆಸರು ಬರೆಯೋಣ. ಪುಸ್ತಕ ನಾನು ತರುತ್ತೇನೆ.